ಹೆಂಟೆಯ ಮರೆಯ ಹಕ್ಕಿ: ಬೆಳವಲದ ಹೊಲದಲ್ಲಿ ನೆಲಗುಬ್ಬಿ ನೋಡುವ ಬಗೆ

ನೆಲಗುಬ್ಬಿ ತೋರಿಸು ಎಂದು ಹುಬ್ಬಳ್ಳಿಯಿಂದ ಬರುವ ಗೆಳೆಯರು ಹೊಲಕ್ಕೆ ಕಾಲಿಟ್ಟ ಕೂಡಲೇ ದುರ್ಬೀನು ಎತ್ತಿ ಬದುವಿನ ಜಾಲಿ ಮರ ನೋಡಲು ಶುರು ಮಾಡುತ್ತಾರೆ. ಹೆಸರಲ್ಲಿ ಗುಬ್ಬಿ ಇದೆ, ಗುಬ್ಬಿ ಅಂದಮೇಲೆ ಟೊಂಗೆಯ ಮೇಲೆ ಕೂತಿರಬೇಕು ಎಂಬ ಲೆಕ್ಕ. ಅಷ್ಟರಲ್ಲಿ ಅವರ ಬೂಟಿನ ಮುಂದೆ ನಾಲ್ಕು ಹೆಜ್ಜೆ ಆಚೆ ಕವುಚಿ ಕೂತಿದ್ದ ಹಕ್ಕಿ ಪುರ್ರೆಂದು ಎದ್ದು, ಮೊಣಕಾಲೆತ್ತರದಲ್ಲಿ ಹಾರಿ, ಅದೇ ಹೊಲದ ಆ ತುದಿಗೆ ಇಳಿದು ಮಣ್ಣಿನಲ್ಲಿ ಮಣ್ಣಾಗಿರುತ್ತದೆ. “ಏನೋ ಹಾರಿತಲ್ಲ?” ಎನ್ನುತ್ತಾರೆ. ಹಾರಿದ್ದೇ ಅದು.

ಮೊದಲ ಒಂದು ವರ್ಷ ನಾನೂ ಹೀಗೇ ಕಳೆದೆ. ನನಗೆ ಪಾಠ ಹೇಳಿದವರು ಅಣ್ಣಿಗೇರಿ ಕಡೆಯ ಒಂದು ಕಡಲೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಅಜ್ಜಿ. ಪಕ್ಕದ ಬೀಳು ಹೊಲದಲ್ಲಿ ನಾನು ತಲೆ ಬಗ್ಗಿಸಿಕೊಂಡು ಅತ್ತಿಂದಿತ್ತ ಅಡ್ಡಾಡುವುದನ್ನು ಬಹಳ ಹೊತ್ತು ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು: “ತಮ್ಮಾ, ಏನ್ ಕಳಕೊಂಡೀಯೋ? ಉಂಗುರಾ ಏನು?”

“ಇಲ್ಲ ಯವ್ವಾ, ನೆಲಗುಬ್ಬಿ ನೋಡಾಕತ್ತೀನಿ.”

“ಅಡ್ಡಾಡಿದ್ರ ಹೆಂಗ ಸಿಗತಾವ ಅವು? ಒಂದ ಕಡೆ ಕುಂದ್ರು. ತಾವಽ ಬರತಾವ.”

ಕುರ್ಪಿಯ ತುದಿಯಿಂದ ಒಂದು ಮಣ್ಣಿನ ಹೆಂಟೆ ತೋರಿಸಿದರು. ಅದರ ನೆರಳಲ್ಲಿ ಎರಡು ಇದ್ದವು. ಅಲ್ಲಿಂದ ಮುಂದೆ ನಾನು ಕಲಿತದ್ದೆಲ್ಲ ಆ ‘ಕುಂದ್ರು’ ಎಂಬ ಮಾತಿನ ವಿಸ್ತಾರ.

ಮೊದಲು ಹಕ್ಕಿ ಯಾವುದೆಂದು ಗೊತ್ತು ಮಾಡಿಕೊಳ್ಳಿ

ನೆಲದ ಮೇಲೆ ಓಡಾಡುವ, ಮಣ್ಣಿನ ಬಣ್ಣದ, ಗುಬ್ಬಿಯಷ್ಟು ಗಾತ್ರದ ಎಲ್ಲದಕ್ಕೂ ನಮ್ಮ ಕಡೆ ನೆಲಗುಬ್ಬಿ ಎಂದೇ ಹೆಸರು. ಅದೊಂದು ದೊಡ್ಡ ಮನೆತನ. ಇಲ್ಲಿ ನಾನು ಹೇಳುತ್ತಿರುವುದು ಅದರಲ್ಲಿ ಒಬ್ಬನ ಸುದ್ದಿ, ಬೂದುನೆತ್ತಿಯ ನೆಲಗುಬ್ಬಿಯದು. ಹಕ್ಕಿ ಪುಸ್ತಕಗಳಲ್ಲಿ, ಆ್ಯಪ್‌ಗಳಲ್ಲಿ ಹುಡುಕುವವರು ಆ್ಯಶಿ-ಕ್ರೌನ್ಡ್ ಸ್ಪ್ಯಾರೋ-ಲಾರ್ಕ್ ಎಂದು ಹುಡುಕಬೇಕು. ವೈಜ್ಞಾನಿಕ ಹೆಸರು ಎರೆಮೊಪ್ಟೆರಿಕ್ಸ್ ಗ್ರಿಸಿಯಸ್. 1786ರಲ್ಲಿ ಸ್ಕೊಪೊಲಿ ಎಂಬ ವಿಜ್ಞಾನಿ ಇದನ್ನು ದಾಖಲಿಸಿದ. ಗ್ರೀಕಿನಲ್ಲಿ ‘ಎರೆಮೋಸ್’ ಅಂದರೆ ಬರಡು, ನಿರ್ಜನ. ‘ಪ್ಟೆರಿಕ್ಸ್’ ಅಂದರೆ ರೆಕ್ಕೆ. ಹೆಸರಿನ ಮೊದಲಿಗೇ ‘ಎರೆ’ ಬಂದಿರುವುದು ಕಾಕತಾಳೀಯ. ಆದರೂ ಕಪ್ಪು ಮಣ್ಣಿನ ಎರೆ ಹೊಲದವರಿಗೆ (ನಮ್ಮ ಬಾಯಲ್ಲಿ ಎರಿ) ನೆನಪಿಡಲು ಅನುಕೂಲವಾಯಿತು.

ಗುಬ್ಬಿ ಎಂದು ಕರೆದರೂ ಮನೆಗುಬ್ಬಿಗೂ ಇದಕ್ಕೂ ಹತ್ತಿರದ ನೆಂಟಸ್ತನ ಇಲ್ಲ. ಇದು ಆಕಾಶಕ್ಕೇರಿ ಹಾಡುವ ಬಾನಾಡಿಗಳ, ಅಂದರೆ ಇಂಗ್ಲಿಷಿನ ಲಾರ್ಕ್‌ಗಳ ಕುಲದ್ದು. ಉದ್ದ 12–13 ಸೆಂ.ಮೀ., ಅಂದರೆ ಮನೆಗುಬ್ಬಿಗಿಂತ ತುಸು ಸಣ್ಣದು. ಕೊಕ್ಕು ಮಾತ್ರ ಗುಬ್ಬಿಯದರಂತೆಯೇ ಗಿಡ್ಡ, ದಪ್ಪ. ಹುಲ್ಲಿನ ಬೀಜ ಒಡೆದು ತಿನ್ನುವ ಕೊಕ್ಕು ಅದು. ಹುಳುಹುಪ್ಪಟೆಯನ್ನೂ ಬಿಡುವುದಿಲ್ಲ. ಭಾರತ ಉಪಖಂಡದ ಬಯಲು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಈ ಹಕ್ಕಿ ಇಲ್ಲ. ನವಿಲಿನ ಹೆಸರಲ್ಲಿ ನಮಗೆ ನವಲಗುಂದ, ನವಲೂರು ಇವೆ. ಗುಬ್ಬಿಯ ಹೆಸರಲ್ಲಿ ತುಮಕೂರು ಕಡೆ ಒಂದು ಊರೇ ಇದೆ. ಬೇರೆಲ್ಲೂ ಇಲ್ಲದ ಈ ನೆಲಗುಬ್ಬಿಗೆ ಮಾತ್ರ ಯಾರೂ ಒಂದು ಊರು ಬಿಟ್ಟುಕೊಟ್ಟಿಲ್ಲ.

ಹೊಲ ಆರಿಸುವುದು

ಧಾರವಾಡ ಎರಡು ಸೀಮೆಗಳ ಹೊಸ್ತಿಲು. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ ದಾರಿ ಹಿಡಿದರೆ ಮಲೆನಾಡಿನ ಸೆರಗು ಸಿಗುತ್ತದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ, ರೋಣ ಎಂದು ಹೋದಷ್ಟೂ ಮಳೆ ಕಮ್ಮಿ, ಮರ ಕಮ್ಮಿ, ಆಕಾಶ ಜಾಸ್ತಿ. ನೆಲಗುಬ್ಬಿಗೆ ಬೇಕಾದ್ದು ಈ ಎರಡನೆಯದು, ಬೆಳವಲ. ಕಾಡು, ದಟ್ಟ ಪೊದೆ, ಹೆಚ್ಚು ಮಳೆ ಮೂರೂ ಅದಕ್ಕೆ ಆಗಿಬರುವುದಿಲ್ಲ. ಹಾಗಾಗಿ ಬೈಕನ್ನು ಪೂರ್ವಕ್ಕೆ ತಿರುಗಿಸಿ.

ಅಲ್ಲಿಗೆ ಹೋದಮೇಲೂ ಎಲ್ಲ ಹೊಲವೂ ಆಗುವುದಿಲ್ಲ. ನನ್ನ ಅಳತೆ ಸರಳ: ಹೊಲದಲ್ಲಿ ನಿಂತು ಕೆಳಗೆ ನೋಡಿಕೊಳ್ಳಿ. ಹುಲ್ಲು ಹಿಮ್ಮಡಿ ಮುಚ್ಚುವಷ್ಟು ಎತ್ತರ ಇದ್ದರೆ ಆ ಹೊಲ ಬಿಡಿ. ಅರ್ಧಕ್ಕಿಂತ ಹೆಚ್ಚು ಬರಿ ನೆಲ ಕಾಣಬೇಕು, ನಡುನಡುವೆ ಒಣಹುಲ್ಲಿನ ಸಣ್ಣ ಕಂಟಿ, ಹೆಂಟೆ, ಕಲ್ಲು ಇರಬೇಕು. ಈ ಹಕ್ಕಿಯ ಕಾಲು ಎಷ್ಟು ಗಿಡ್ಡ ಎಂದರೆ ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನಿಸುತ್ತದೆ. ಎತ್ತರದ ಹುಲ್ಲಲ್ಲಿ ಅದಕ್ಕೆ ದಾರಿಯೇ ಕಾಣಲಿಕ್ಕಿಲ್ಲ.

ಮೂರು ಥರದ ಜಾಗಗಳನ್ನು ನಾನು ನೆಚ್ಚಿಕೊಂಡಿದ್ದೇನೆ. ಮೊದಲನೆಯದು ಎರಿ ಹೊಲ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಕಟಾವಾಗಿ, ಕಣಿಕೆ ಬಣವೆ ಸೇರಿ, ನೆಲ ಬಿರುಕು ಬಿಡಲು ಶುರುವಾದಾಗ ಇಂಥ ಹೊಲಗಳಲ್ಲಿ ಇದು ಸಿಗದೇ ಹೋಗುವುದು ಅಪರೂಪ. ಎರಡನೆಯದು ಮಸಾರಿ ಮಡ್ಡಿ. ಮುಂಡರಗಿ, ಶಿರಹಟ್ಟಿ ಕಡೆಯ ಕೆಂಪು ಕಲ್ಲುನೆಲ, ಕುರಿ ಮೇಯಿಸುವ ಗೋಮಾಳ, ಕಪ್ಪತಗುಡ್ಡದ ಬುಡದ ಇಳಿಜಾರು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಒಳಗೆ ನಡೆದಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ನೆಲಗುಬ್ಬಿಗಾಗಿ ಗುಡ್ಡ ಹತ್ತುವ ಅಗತ್ಯವೇ ಇಲ್ಲ, ಡಂಬಳದ ಸುತ್ತಿನ ಹೊಲಗಳ ಗಾಡಿದಾರಿಯೇ ಸಾಕು. ಮೂರನೆಯದು ಕೆರೆಯಂಗಳ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಜನ ಪಟ್ಟೆತಲೆಯ ಹೆಬ್ಬಾತು ನೋಡಲು ಹೋಗುತ್ತಾರೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬಾತುಗಳು ಉತ್ತರಕ್ಕೆ ಹೊರಟುಹೋಗಿ, ನೀರು ಹಿಂದೆ ಸರಿದು, ದಂಡೆಯ ಕೆಸರು ಒಣಗಿ ಚಕ್ಕೆ ಎದ್ದಾಗ ಅಲ್ಲಿಗೆ ಯಾರೂ ಹೋಗುವುದಿಲ್ಲ. ನೆಲಗುಬ್ಬಿ ಆಗ ಅಲ್ಲಿರುತ್ತದೆ.

ಹಾವೇರಿ ಜಿಲ್ಲೆಯವರಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಹತ್ತಿರ. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ವಿಸ್ತಾರದ ಜಾಗ ಅದು. ಆದರೆ ಅಲ್ಲಿ ಬಹಳಷ್ಟು ನೆಲದಲ್ಲಿ ನೀಲಗಿರಿ ಎದ್ದು ನಿಂತಿದೆ. ನೀಲಗಿರಿಯ ಸಾಲಿನಲ್ಲಿ ಈ ಹಕ್ಕಿ ಹುಡುಕುವುದು ಬಾವಿಯಲ್ಲಿ ಒಂಟೆ ಹುಡುಕಿದ ಹಾಗೆ. ಬಯಲು ಉಳಿದಿರುವ ಕಡೆ, ಇಲ್ಲವೇ ಅರಣ್ಯದಂಚಿನ ಹೊಲಗಳಲ್ಲಿ ನೋಡಿ.

ಯಾರದೇ ಹೊಲ ಇರಲಿ, ಒಳಗೆ ಹೋಗುವ ಮೊದಲು ಕೇಳಿ. “ಅಣ್ಣಾರ, ಸ್ವಲ್ಪ ಹಕ್ಕಿ ನೋಡ್ಕೋತೀನ್ರಿ” ಎಂದರೆ ಬೇಡ ಅನ್ನುವವರನ್ನು ನಾನು ಈವರೆಗೆ ಕಂಡಿಲ್ಲ. ಹೆಚ್ಚೆಂದರೆ ಚಹಾ ಕುಡಿಸಿ ಒಂದು ತಾಸು ಮಾತಾಡಿಸುತ್ತಾರೆ, ಬೆಳಗಿನ ಒಳ್ಳೆಯ ಹೊತ್ತು ಹೋಗುತ್ತದೆ. ಅದಕ್ಕೂ ಸಿದ್ಧರಾಗಿರಿ.

ಹೊತ್ತು ಮತ್ತು ಹಂಗಾಮು

ವರ್ಷವಿಡೀ ಇಲ್ಲೇ ಇರುವ ಹಕ್ಕಿ ಇದು, ವಲಸೆಯದಲ್ಲ. ಆದರೂ ಹೊಸಬರಿಗೆ ನಾನು ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ದಿನಗಳನ್ನೇ ಹೇಳುತ್ತೇನೆ. ಹೊಲ ಬರಿದಾಗಿರುತ್ತದೆ, ಜೋಡಿಗಳು ಬೇರೆ ಬೇರೆಯಾಗಿ ತಮ್ಮ ತಮ್ಮ ಜಾಗ ಹಿಡಿದಿರುತ್ತವೆ, ಗಂಡು ಆಕಾಶದಲ್ಲಿ ಆಟ ಶುರು ಮಾಡಿರುತ್ತದೆ. ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ಆಮೇಲೂ ಹಕ್ಕಿ ಇರುತ್ತದೆ. ಆದರೆ ಎರಿ ನೆಲದ ಬಿಸಿಗೆ ಗಾಳಿ ನೀರಿನಂತೆ ತೇಲಾಡಿ ದುರ್ಬೀನಿನಲ್ಲಿ ಹೆಂಟೆಯೂ ಕುಣಿಯುತ್ತದೆ, ಹಕ್ಕಿಯೂ ಕುಣಿಯುತ್ತದೆ.

ಚಳಿಗಾಲದಲ್ಲಿ ಇವು ಹಿಂಡುಗಟ್ಟುತ್ತವೆ. ಹಿಂಡು ಕಣ್ಣಿಗೆ ಬೀಳುವುದು ಸುಲಭ, ಒಂದೊಂದನ್ನೇ ಕೂಲಂಕಷವಾಗಿ ನೋಡುವುದು ಕಷ್ಟ. ಮುಂಗಾರು ಹಿಡಿದಮೇಲೆ ಎರಿ ಹೊಲಕ್ಕೆ ಹೋಗಲೇಬೇಡಿ. ಒಮ್ಮೆ ಮಿರಗದ ಮಳೆ ಬಿದ್ದ ಮರುದಿನ ಉತ್ಸಾಹದಲ್ಲಿ ಹೋಗಿ, ಮಡ್‌ಗಾರ್ಡಿಗೆ ಮಣ್ಣು ಮೆತ್ತಿ ಚಕ್ರ ತಿರುಗದಂತಾಗಿ, ಎರಡು ಕಿಲೋಮೀಟರ್ ಬೈಕನ್ನು ಎಳೆದುಕೊಂಡು ಬಂದಿದ್ದೇನೆ. ಆ ದಿನಗಳಿಗೆ ಮಸಾರಿ ನೆಲವೇ ಒಳ್ಳೆಯದು.

ಏನು ಒಯ್ಯಬೇಕು

ದುರ್ಬೀನು, ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8×42 ಆದರೆ ಸಾಕು. ಹೆಚ್ಚು ಪವರಿನದು ಕೈ ನಡುಗಿದರೆ ಉಪಯೋಗಕ್ಕೆ ಬಾರದು. ನೀರು, ಟೋಪಿ, ಮಣ್ಣಿನ ಬಣ್ಣದ ಅಂಗಿ. ಬಿಳಿ ಅಂಗಿ ಬೇಡ. ಕೂರಲು ಒಂದು ಗೋಣಿಚೀಲ. ಇದನ್ನು ಮರೆತರೆ ಜಾಲಿಮುಳ್ಳು ನೆನಪು ಮಾಡಿಕೊಡುತ್ತದೆ.

ಈಗ ಕೂರಿ

ಹೊಲದ ಬದುವಿಗೆ ಬನ್ನಿ, ಸೂರ್ಯ ಬೆನ್ನಿಗೆ ಬರುವ ಹಾಗೆ ಕೂತುಕೊಳ್ಳಿ. ಸೂರ್ಯನಿಗೆ ಎದುರಾಗಿ ನೋಡಿದರೆ ಪ್ರತಿ ಹಕ್ಕಿಯ ಹೊಟ್ಟೆಯೂ ಕಪ್ಪಾಗಿಯೇ ಕಾಣುತ್ತದೆ, ಈ ಹಕ್ಕಿಯ ಮಟ್ಟಿಗೆ ಅದು ದೊಡ್ಡ ಮೋಸ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನೀವು ನಡೆಯುತ್ತಿರುವಾಗ ನೆಲಗುಬ್ಬಿ ಹಾರಿ ಹೋಗುವುದಿಲ್ಲ, ಕವುಚಿಕೊಳ್ಳುತ್ತದೆ. ಅದಕ್ಕೆ ತನ್ನ ಬಣ್ಣದ ಮೇಲೆ ಅಷ್ಟು ಭರವಸೆ. ತುಳಿಯುವಷ್ಟು ಹತ್ತಿರ ಬಂದಮೇಲೆ ಏಳುತ್ತದೆ. ಅಂದರೆ ನಡೆಯುವವನಿಗೆ ಕಾಣುವುದು ಕೂತ ಹಕ್ಕಿಯೂ ಅಲ್ಲ, ಮೇಯುವ ಹಕ್ಕಿಯೂ ಅಲ್ಲ, ಬರೀ ಓಡಿಹೋಗುವ ಹಕ್ಕಿಯ ಬೆನ್ನು. ಕೂತವನ ಮುಂದೆ ಹತ್ತು ಹದಿನೈದು ನಿಮಿಷಕ್ಕೆ ಹೊಲ ತನ್ನ ಪಾಡಿಗೆ ತಾನು ಚಲಿಸಲು ಶುರುವಾಗುತ್ತದೆ.

ನೋಡುವುದಕ್ಕೂ ಒಂದು ರೀತಿ ಇದೆ. ಹಕ್ಕಿ ಹುಡುಕಬೇಡಿ, ಚಲನೆ ಹುಡುಕಿ. ದುರ್ಬೀನು ಕೆಳಗಿಟ್ಟು ಬರಿಗಣ್ಣಿನಲ್ಲಿ ಹೊಲದ ಒಂದು ತುಂಡನ್ನು ಮಾತ್ರ ದಿಟ್ಟಿಸಿ. ನಾಲ್ಕು ಎತ್ತು ಕಟ್ಟುವಷ್ಟು ಜಾಗ ಸಾಕು. ಒಂದು ಹೆಂಟೆ ಇದ್ದಕ್ಕಿದ್ದಂತೆ ಸರಿದಂತೆ ಅನಿಸುತ್ತದೆ. ಇಲಿಮರಿ ಹರಿದಂತೆ ಅಂಕುಡೊಂಕಾಗಿ ನಾಲ್ಕು ಹೆಜ್ಜೆ, ನಿಲುಗಡೆ, ಒಂದು ಕುಕ್ಕು, ಮತ್ತೆ ನಾಲ್ಕು ಹೆಜ್ಜೆ. ಕಣ್ಣು ಅದರ ಮೇಲೇ ಇಟ್ಟುಕೊಂಡು ದುರ್ಬೀನನ್ನು ಕಣ್ಣಿನ ಹತ್ತಿರ ತನ್ನಿ. ಕೆಳಗೆ ನೋಡಿ ದುರ್ಬೀನು ಹುಡುಕಿದಿರೋ, ಹಕ್ಕಿ ಹೋಯಿತು.

ಇನ್ನೊಂದು ಉಪಾಯ ಗಾಡಿದಾರಿ. ಬೆಳಗಿನ ಹೊತ್ತು ದಾರಿಯ ಮೆತ್ತನೆ ಧೂಳಿನಲ್ಲಿ ಇವು ಮೈ ಹೊರಳಿಸಿ ಧೂಳುಸ್ನಾನ ಮಾಡುತ್ತವೆ. ಬೈಕ್ ದೂರವೇ ನಿಲ್ಲಿಸಿ, ಮುಂದಿನ ದಾರಿಯನ್ನು ದುರ್ಬೀನಿನಲ್ಲಿ ಒಮ್ಮೆ ಉದ್ದಕ್ಕೆ ನೋಡಿಯೇ ಮುಂದೆ ಹೋಗುವ ಅಭ್ಯಾಸ ಇಟ್ಟುಕೊಳ್ಳಿ.

ಗಂಡು ಯಾವುದು, ಹೆಣ್ಣು ಯಾವುದು

ಗಂಡನ್ನು ಒಮ್ಮೆ ಸರಿಯಾಗಿ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ನೆತ್ತಿ, ಬೆನ್ನು ಒಲೆಯ ಬೂದಿಯ ಬಣ್ಣ. ಕೆನ್ನೆ ಬಿಳಿ. ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ. ಗಲ್ಲ, ಎದೆ, ಹೊಟ್ಟೆ ಪೂರ್ತಿ ಕಪ್ಪು. ಎದುರಿನಿಂದ ನೋಡಿದರೆ ಮುಖದ ಮೇಲೆ ಯಾರೋ ಇದ್ದಿಲಿನಿಂದ ಅಡ್ಡ ಒಂದು ಗೀಟು, ಉದ್ದ ಒಂದು ಗೀಟು ಎಳೆದಂತೆ ಕಾಣುತ್ತದೆ.

ಇಲ್ಲಿ ಒಂದು ಸೋಜಿಗ ಇದೆ. ಜಿಂಕೆ, ಮೊಲ, ಮೀನು ಯಾವುದನ್ನೇ ನೋಡಿ, ಬೆನ್ನು ಗಾಢ, ಹೊಟ್ಟೆ ತಿಳಿ. ಮೇಲಿನಿಂದ ಬೀಳುವ ಬಿಸಿಲಿಗೆ ಹಾಗಿದ್ದರೆ ಮೈ ಚಪ್ಪಟೆಯಾಗಿ ಕಂಡು ಅಡಗಲು ಅನುಕೂಲ. ಈ ಗಂಡು ಅಂಗಿಯನ್ನು ಉಲ್ಟಾ ಹಾಕಿಕೊಂಡಿದೆ. ಕವುಚಿ ಕೂತಾಗ ಕಪ್ಪೆಲ್ಲ ಕೆಳಗೆ ಹೋಗಿ ಬೂದುಬೆನ್ನು ಮಾತ್ರ ಮೇಲೆ ಉಳಿಯುತ್ತದೆ. ಆಕಾಶಕ್ಕೆ ಏರಿದಾಗ ಕೆಳಗಿನಿಂದ ನೋಡುವ ಹೆಣ್ಣಿಗೂ, ಪಕ್ಕದ ಹೊಲದ ಗಂಡಿಗೂ ಕಪ್ಪು ಮಾತ್ರ ಕಾಣುತ್ತದೆ. ಒಂದೇ ಅಂಗಿ, ಎರಡು ಕೆಲಸ. ಯಾಕೆ ಹೀಗೆ ಎಂಬುದಕ್ಕೆ ಇದು ನಾನು ಕೂತಲ್ಲೇ ಕಟ್ಟಿಕೊಂಡ ವಿವರಣೆ.

ಹೆಣ್ಣು ಹೊಸಬರನ್ನು ಸತಾಯಿಸುತ್ತದೆ. ಮರಳುಕಂದು ಮೈ, ಅಲ್ಲಲ್ಲಿ ಮಾಸಲು ಗೀರು, ಗುರುತು ಹೇಳಲು ಏನೂ ಇಲ್ಲ. ಹೆಣ್ಣು ಮನೆಗುಬ್ಬಿಯೆಂದೇ ಎಷ್ಟೋ ಜನ ಬರೆದುಕೊಳ್ಳುತ್ತಾರೆ. ಕಾಲು ನೋಡಿ. ಮನೆಗುಬ್ಬಿ ಎರಡೂ ಕಾಲು ಕೂಡಿಸಿ ಕುಪ್ಪಳಿಸುತ್ತದೆ. ನೆಲಗುಬ್ಬಿ ನಮ್ಮ ಹಾಗೆ ಒಂದಾದ ಮೇಲೊಂದು ಹೆಜ್ಜೆ ಹಾಕಿ ನಡೆಯುತ್ತದೆ. ಈ ಒಂದು ಗುರುತಿನಿಂದ ಅರ್ಧ ಗೊಂದಲ ಬಗೆಹರಿಯುತ್ತದೆ. ಉಳಿದರ್ಧಕ್ಕೆ ಸ್ವಲ್ಪ ಕಾಯಿರಿ, ಹತ್ತಿರದಲ್ಲೇ ಅದರ ಗಂಡು ಇರುತ್ತದೆ.

ಮನೆತನದ ಉಳಿದವರು

ಅದೇ ಹೊಲದಲ್ಲಿ ಇನ್ನೂ ನಾಲ್ಕಾರು ಬಗೆ ಇರುತ್ತವೆ. ತಲೆಯ ಮೇಲೆ ಚೂಪು ಜುಟ್ಟು ಕಂಡರೆ ಅದು ಜುಟ್ಟಿನ ನೆಲಗುಬ್ಬಿ. ನಮ್ಮ ಕಡೆ ಎರಡು ಥರ ಸಿಗುತ್ತವೆ, ಮಲಬಾರ್ ಲಾರ್ಕ್ ಮತ್ತು ಸೈಕ್ಸಸ್ ಲಾರ್ಕ್. ಎರಡನೆಯದನ್ನು ದಖ್ಖನಿನಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್ 1832ರಲ್ಲಿ ದಾಖಲಿಸಿದ. ಎದೆಯ ಮೇಲೆ ಗೀರು ದಟ್ಟವಾಗಿದ್ದರೆ ಮಲಬಾರ್, ಗೀರು ಕಮ್ಮಿ ಇದ್ದು ಇಟ್ಟಂಗಿ ಬಣ್ಣದ ಛಾಯೆ ಇದ್ದರೆ ಸೈಕ್ಸಸ್.

ಹಾರುವಾಗ ರೆಕ್ಕೆಯಲ್ಲಿ ಕೆಂಪುಕಂದು ಮಿಂಚಿದರೆ ಅದು ಬುಶ್‌ಲಾರ್ಕ್. ಅದು ಕಂಟಿಯ ತುದಿಗೂ ಏರಿ ಕೂರುತ್ತದೆ, ಹಾಡಿ ಇಳಿಯುವಾಗ ಕಾಲು ಕೆಳಗೆ ಇಳಿಬಿಟ್ಟು ಪ್ಯಾರಾಚೂಟಿನಂತೆ ತೇಲುತ್ತದೆ. ಬಾಲ ತುಕ್ಕು ಹಿಡಿದ ಕಬ್ಬಿಣದ ಬಣ್ಣ, ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ರೂಫಸ್-ಟೇಲ್ಡ್ ಲಾರ್ಕ್. ಉತ್ತ ಎರಿ ಹೊಲ ಅದರ ತವರುಮನೆ. ಅಕ್ಟೋಬರಿನಿಂದ ಮಾರ್ಚಿನ ನಡುವೆ ಒಂದೇ ಸಲಕ್ಕೆ ದೊಡ್ಡ ಹಿಂಡು ಎದ್ದು ಹೊಲದ ಮೇಲೆ ಸುತ್ತಿ ಮತ್ತೆ ಅಲ್ಲೇ ಇಳಿದರೆ, ಅದು ಚಳಿ ಕಳೆಯಲು ಉತ್ತರದಿಂದ ಬಂದ ಶಾರ್ಟ್-ಟೋಡ್ ಲಾರ್ಕ್ ಇರಬಹುದು. ಸಣಕಲು ಮೈ, ಉದ್ದ ಕಾಲು, ಸಣ್ಣ ಕೊಕ್ಕು, ನಿಂತಲ್ಲೇ ಬಾಲ ಕುಣಿಸಿದರೆ ಪಿಪಿಟ್ ಎಂಬ ಬೇರೆಯೇ ಹಕ್ಕಿ.

ಮೊದಲ ದಿನವೇ ಇವನ್ನೆಲ್ಲ ಬಿಡಿಸಲು ಹೋಗಬೇಡಿ. ಕಪ್ಪು ಹೊಟ್ಟೆಯ ಒಂದು ಗಂಡನ್ನು ಗಟ್ಟಿಯಾಗಿ ನೋಡಿಕೊಂಡು ಮನೆಗೆ ಹೋಗಿ. ಉಳಿದವು ವರ್ಷಗಟ್ಟಲೆ ಅಲ್ಲೇ ಇರುತ್ತವೆ.

ಆಕಾಶದ ಆಟ

ಫೆಬ್ರವರಿಯ ನಂತರ ಕಿವಿ ತೆರೆದಿಟ್ಟುಕೊಳ್ಳಿ. ಹೊಲದ ಮೇಲಿಂದ ‘ಟಿರ್ ಟಿರ್ ಟ್ರ್ರಿ’ ಎಂಬ ಸಣ್ಣ ಕುಲುಕು, ಅದರ ಬಾಲಕ್ಕೆ ‘ವೀಈಈ’ ಎಂದು ಉದ್ದಕ್ಕೆ ಎಳೆದ ಸಿಳ್ಳು ಕೇಳುತ್ತದೆ. ಆ ಸಿಳ್ಳು ಯಾವ ಕಡೆಯಿಂದ ಬಂತೆಂದು ಹೇಳುವುದು ಕಷ್ಟ, ನಮ್ಮ ತಲೆಯ ಮೇಲೆಯೇ ಅನ್ನಿಸುತ್ತದೆ. ಬಹಳ ಸಲ ಅಲ್ಲೇ ಇರುತ್ತದೆ.

ಗಂಡು ನೆಲದಿಂದ ರೆಕ್ಕೆ ನಡುಗಿಸುತ್ತಾ ನೆಟ್ಟಗೆ ಮೇಲೇರುತ್ತದೆ, ಮೂವತ್ತು ಮೀಟರ್‌ವರೆಗೆ. ಅಲ್ಲಿಂದ ರೆಕ್ಕೆಯನ್ನು ಮೈಗೆ ಒತ್ತಿಕೊಂಡು ತಲೆಕೆಳಗಾಗಿ ಬೀಳುತ್ತದೆ. ಕಲ್ಲು ಬಿದ್ದ ಹಾಗೆ. ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಬಿದ್ದ ವೇಗವನ್ನೇ ಹಿಡಿದುಕೊಂಡು ಮೂತಿ ಮೇಲೆ ಮಾಡಿ ನಾಲ್ಕು ಮಾರು ಏರುತ್ತದೆ. ಮತ್ತೆ ಬೀಳುತ್ತದೆ, ಮತ್ತೆ ಏರುತ್ತದೆ. ಪ್ರತಿ ಬೀಳುವಿಕೆಗೂ ಒಂದು ಸಿಳ್ಳು. ಕಾಮನಬಿಲ್ಲಿನ ಸೊಬಗು ಇದರಲ್ಲಿಲ್ಲ, ಗಾಳಿಪಟದ ದಾರ ಹರಿದಾಗಿನ ಗಾಬರಿ ಇದೆ. ಕೊನೆಗೆ ಒಂದು ಕಲ್ಲು ಅಥವಾ ಹೆಂಟೆಯ ಮೇಲೆ ಕೂತು ಏನೂ ಆಗಿಲ್ಲ ಎಂಬಂತೆ ಅತ್ತಿತ್ತ ನೋಡುತ್ತದೆ.

ಆ ಹೆಂಟೆಯನ್ನು ಗುರುತು ಮಾಡಿಕೊಳ್ಳಿ. ಸಾಮಾನ್ಯವಾಗಿ ಮುಂದಿನ ಸಲವೂ ಅಲ್ಲೇ ಆಸುಪಾಸು ಇಳಿಯುತ್ತದೆ. ದುರ್ಬೀನಿನಿಂದ ಹಕ್ಕಿಯನ್ನು ಆಕಾಶದುದ್ದಕ್ಕೂ ಹಿಂಬಾಲಿಸಲು ಹೆಣಗುವುದಕ್ಕಿಂತ ಆ ಹೆಂಟೆಯ ಮೇಲೆ ದುರ್ಬೀನು ಹೊಂದಿಸಿಕೊಂಡು ಕಾಯುವುದು ಲಾಭ. ನನ್ನ ಬಳಿಯ ಒಳ್ಳೆಯ ಫೋಟೊಗಳೆಲ್ಲ ಹೀಗೆ ಸಿಕ್ಕವು. ಫೋಟೊ ತೆಗೆಯುವವರು ಬದುವಿನ ಆಚೆ ಮಲಗಿ, ಕ್ಯಾಮೆರಾ ನೆಲಮಟ್ಟಕ್ಕೆ ಇಡಿ. ನಿಂತು ತೆಗೆದ ನೆಲಗುಬ್ಬಿಯ ಚಿತ್ರದಲ್ಲಿ ಬರೀ ಮಣ್ಣು ಇರುತ್ತದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವ ಚಾಳಿ ಬೇಡ. ಗೂಡು ಬಿಟ್ಟು, ಮೇವು ಬಿಟ್ಟು, ಇಲ್ಲದ ಎದುರಾಳಿಯ ಜೊತೆ ಜಗಳಕ್ಕೆ ಬರುತ್ತದೆ ಅದು.

ಗೂಡು ಕಣ್ಣಿಗೆ ಬಿದ್ದರೆ

ಗೂಡು ಹುಡುಕಬೇಡಿ. ಹುಡುಕುವುದೆಂದರೆ ತುಳಿಯುವ ಸಾಧ್ಯತೆ. ಆದರೆ ಹೊಲದಲ್ಲಿ ಓಡಾಡುವವರಿಗೆ ಎಂದಾದರೂ ಒಮ್ಮೆ ಕಾಣುತ್ತದೆ, ಆಗ ಏನು ಮಾಡಬೇಕೆಂದು ತಿಳಿದಿರಲಿ.

ನಾನು ಹತ್ತಿರದಿಂದ ನೋಡಿದ ಮೊದಲ ಗೂಡು ಒಂದು ಒಣಗಿದ ಸಗಣಿ ಹೆಂಡಿಯ ಪಕ್ಕ ಇತ್ತು. ಚಹಾದ ಕಪ್ಪಿನ ಬಾಯಿಯಷ್ಟು ಅಗಲದ ಗುಳಿ. ಒಳಗೆ ತೆಳ್ಳನೆ ಹುಲ್ಲಿನೆಳೆ ಹಾಸಿತ್ತು. ಅಂಚಿನ ಸುತ್ತ ಮಾತ್ರ ಕಡಲೆಕಾಳಿನಷ್ಟು ದಪ್ಪದ ಹರಳು, ಮಣ್ಣಿನ ಚೂರು ಒತ್ತೊತ್ತಾಗಿ ಜೋಡಿಸಿದ್ದವು. ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ಒಳಗೆ ಎರಡು ಮೊಟ್ಟೆ, ಮಾಸಿದ ಬಿಳಿಯ ಮೇಲೆ ಕಂದು ಚುಕ್ಕಿ. ಬಗ್ಗಿ ನೋಡಿ, ತಲೆ ಎತ್ತಿ, ಮತ್ತೆ ಬಗ್ಗಿದರೆ ಗೂಡು ಎಲ್ಲಿತ್ತೆಂದು ಗೊತ್ತಾಗಲಿಲ್ಲ. ಕಾಲು ಎತ್ತಲೂ ಹೆದರಿಕೆಯಾಯಿತು.

ಎರಡು ಅಥವಾ ಮೂರು ಮೊಟ್ಟೆ ಇಡುವುದು ವಾಡಿಕೆ. ಗಂಡು, ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೊಡುತ್ತವೆ. 13–14 ದಿನಕ್ಕೆ ಮರಿ. ಮಾರ್ಚ್ ಬಿಸಿಲಲ್ಲಿ ಬರಿ ನೆಲದ ಮೇಲೆ ಮೊಟ್ಟೆಗೆ ಬೇಕಾದ್ದು ಶಾಖಕ್ಕಿಂತ ನೆರಳು. ನೀವು ಗೂಡಿನ ಬಳಿ ನಿಂತಷ್ಟು ಹೊತ್ತೂ ತಾಯಿ ಬರುವುದಿಲ್ಲ, ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ. ಹಾಗಾಗಿ ಕಂಡ ಕೂಡಲೇ ಬಂದ ಹೆಜ್ಜೆಯ ಮೇಲೇ ಹಿಂದೆ ಸರಿಯಿರಿ. ಫೋಟೊ ಬೇಡ, ಸುತ್ತಲಿನ ಹುಲ್ಲು ಕೀಳುವುದು ಬೇಡ, ಮೊಬೈಲಿನಲ್ಲಿ ಜಾಗದ ಗುರುತು ಹಾಕಿ ಗುಂಪಿಗೆ ಕಳಿಸುವುದಂತೂ ಬೇಡವೇ ಬೇಡ. ಮೊಟ್ಟೆ ಎತ್ತುವುದು, ಗೂಡು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಬರೆದಿಡುವುದು

ಒಂದು ಸಣ್ಣ ನೋಟ್‌ಬುಕ್ ಇರಲಿ. ದಿನಾಂಕ, ಹೊತ್ತು, ಊರು, ಯಾವ ಬೆಳೆ ತೆಗೆದ ಹೊಲ, ಗಂಡೆಷ್ಟು ಹೆಣ್ಣೆಷ್ಟು, ಏನು ಮಾಡುತ್ತಿದ್ದವು. ‘ಹಾಡು’, ‘ಜಗಳ’, ‘ಬಾಯಲ್ಲಿ ಹುಳು’ ಎಂದು ಒಂದು ಪದ ಸಾಕು. ಬಾಯಲ್ಲಿ ಹುಳು ಹಿಡಿದು ತಿನ್ನದೆ ನಿಂತ ಹಕ್ಕಿ ಎಂದರೆ ಹತ್ತಿರದಲ್ಲಿ ಮರಿ ಇದೆ, ನೀವು ಅಡ್ಡ ಕೂತಿದ್ದೀರಿ, ಏಳಿ. ಕಂಡ ಹಕ್ಕಿಗಳ ಪಟ್ಟಿ ಹಂಚಿಕೊಳ್ಳುವ ಇಬರ್ಡ್ ಆ್ಯಪ್‌ನಲ್ಲಿ ಹಾಕಿದರೆ ಬೇರೆಯವರಿಗೂ ಉಪಯೋಗ. ಬೆಳವಲದ ಹೊಲಗಳಿಂದ ಪಟ್ಟಿ ಹೋಗುವುದು ಕಮ್ಮಿ, ಎಲ್ಲರೂ ದಾಂಡೇಲಿಯ ಕಾಡಿಗೆ ಹೋಗುತ್ತಾರೆ.

ಹೊಲ ನಿಮ್ಮದೇ ಆಗಿದ್ದರೆ

ಮಡ್ಡಿ ಅಂದರೆ ಪಾಳು ಎಂದು ತಿಳಿದ ಸರಕಾರಿ ಕಾಗದಗಳು ಬೇಕಾದಷ್ಟಿವೆ. ಗಿಡ ನೆಡುವ ಉಮೇದು ಬಂದಾಗ ಮೊದಲು ಕಣ್ಣು ಬೀಳುವುದೂ ಆ ಬಯಲಿನ ಮೇಲೆಯೇ. ನೆಲಗುಬ್ಬಿಯ ಮಟ್ಟಿಗೆ ಅಲ್ಲಿ ಒಂದು ಸಾಲು ನೀಲಗಿರಿ ನೆಡುವುದೂ ಒಂದೇ, ಮನೆಗೆ ಬೀಗ ಹಾಕುವುದೂ ಒಂದೇ. ನಿಮ್ಮ ಕೈಯಲ್ಲಿರುವ ಹೊಲದ ಮಟ್ಟಿಗೆ ಹೇಳುವುದಾದರೆ, ಬದುವಿನ ಹುಲ್ಲಿಗೆ ಬೆಂಕಿ ಹಾಕಬೇಡಿ, ಕಳೆನಾಶಕ ಹೊಡೆಯುವಾಗ ಬದು ಬಿಟ್ಟು ಹೊಡೆಯಿರಿ, ಸಾಧ್ಯವಾದರೆ ಒಂದು ಮೂಲೆಯ ಕಲ್ಲುನೆಲ ಹಾಗೇ ಇರಲಿ. ಈ ಹಕ್ಕಿ ಇಂದಿಗೆ ಅಪಾಯದ ಪಟ್ಟಿಯಲ್ಲಿಲ್ಲ. ಇರುವಾಗಲೇ ಜಾಗ ಬಿಟ್ಟರೆ ಖರ್ಚು ಕಮ್ಮಿ.

ಕುಂಟಿ ಹೊಡೆಯುವಾಗ ಗೂಡು ಸಿಕ್ಕರೆ ಏನು ಮಾಡಬೇಕೆಂಬುದನ್ನು ಮಾತ್ರ ತಪ್ಪು ಮಾಡಿ ಕಲಿತೆ. ಗದಗ ಹತ್ತಿರದ ಒಬ್ಬ ಪರಿಚಯದ ರೈತರಿಗೆ ಅವರ ಹೊಲದ ಗೂಡು ತೋರಿಸಿ, ಹದಿನೈದು ದಿನ ಅಷ್ಟು ಜಾಗ ಬಿಡ್ತೀರಾ ಎಂದು ಕೇಳಿದೆ. “ಬಿಡೂಣ್ ತಗೋರಿ. ಎರಡ ವಾರಕ್ಕ ನನ್ನ ಹೊಲಾ ಎಲ್ಲಿ ಓಡಿ ಹೊಕ್ಕೈತಿ?” ಎಂದು ನಕ್ಕರು. ಎತ್ತಿಗೆ ಕಾಣಲಿ ಎಂದು ನಾನು ಗೂಡಿನ ಪಕ್ಕ ಒಂದು ಜೋಳದ ದಂಟು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ ಬಂದೆ. ಅವರು ಮಾತಿನಂತೆ ಆ ಜಾಗ ಸುತ್ತುಹಾಕಿ ಕುಂಟಿ ಹೊಡೆದಿದ್ದರು. ಮೂರನೆಯ ದಿನ ಹೋದಾಗ ಬಟ್ಟೆ ನೋಡಲು ಬಂದಿದ್ದ ಒಂದು ಕಾಗೆ ಇನ್ನೂ ಅಲ್ಲೇ ಸುಳಿದಾಡುತ್ತಿತ್ತು. ಗೂಡಿನಲ್ಲಿ ಹರಳಿನ ಅಂಚು ಮಾತ್ರ ಇತ್ತು.

ಈಗ ಕೋಲು ನೆಡುವುದಿಲ್ಲ, ಬಟ್ಟೆ ಕಟ್ಟುವುದಿಲ್ಲ. ಗೂಡಿನಿಂದ ಹತ್ತು ಹೆಜ್ಜೆ ಈಚೆಗೆ ಒಂದು, ಆಚೆಗೆ ಒಂದು ಚಪ್ಪಟೆ ಕಲ್ಲು ಇಡುತ್ತೇನೆ, ಹೊಲದ್ದೇ ಕಲ್ಲು. ಎರಡರ ನಡುವೆ ಕುಂಟಿ ಎತ್ತಿ ದಾಟಿಸಿ ಎಂದು ರೈತರಿಗೆ ಹೇಳಿ, ಮತ್ತೆ ಆ ಕಡೆ ಹೋಗುವುದಿಲ್ಲ.